ಗೊಂಬೆ ಪೆಟ್ಟಿಗೆಯ ಕಾರು

2025ರ ಫೆಬ್ರವರಿ 11, ಮಂಗಳವಾರ, ಬೆಳಗ್ಗೆ 9 ಗಂಟೆ 40 ನಿಮಿಷಕ್ಕೆ ರಮಾಮಣಿ ಗಂಡನ ಮೇಜಿನ ಮೂರನೆಯ ಡ್ರಾಯರನ್ನು ಪೂರ್ತಿ ಎಳೆದು ಮಂಚದ ಮೇಲೆ ಬೋರಲು ಹಾಕಿದರು. ಉಪ್ಪುಕಾಗದ, ಸಣ್ಣ ಕುಂಚಗಳು, ಆಟದ ಕಾರುಗಳ ರಬ್ಬರ್ ಚಕ್ರಗಳು ಬಿದ್ದವು. ಆಧಾರ್ ಕಾರ್ಡ್ ಬೀಳಲಿಲ್ಲ.

"ದೊಡ್ಡಮ್ಮ, ಒರಿಜಿನಲ್ಲೇ ಬೇಕಂತೆ. ಸ್ಮಶಾನದ ಆಫೀಸಿನವನು ಫೋನಲ್ಲಿರೋ ಫೋಟೋ ಆಗಲ್ಲ ಅಂತಿದಾನೆ," ಎಂದ ಬಾಗಿಲಲ್ಲಿ ನಿಂತಿದ್ದ ಪವಮಾನ. ಅವನು ಅವರ ತಂಗಿಯ ಮಗ.

"ನಿಮ್ಮಮ್ಮ ಎಲ್ಲೋ?"

"ಗೇಟಿನ ಹೊರಗೇ ಕೂತಿದಾಳೆ."

ತಂಗಿ ಗಿರಿಜಾಂಬಾ ಒಂಟಿಕೊಪ್ಪಲಿನ ಈ ಮನೆಯ ಹೊಸಿಲು ದಾಟಿ ಆರು ವರ್ಷ ನಾಲ್ಕು ತಿಂಗಳಾಗಿತ್ತು.

ಅಂಗಳದಲ್ಲಿ ರಮಾಮಣಿಯ ಗಂಡ ಗೋವಿಂದರಾಜು ಮಲಗಿದ್ದರು. ಮೂವತ್ತೆರಡು ವರ್ಷ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸಿದವರು. ನಿವೃತ್ತರಾದ ಮೇಲೆ ಹಳೆಯ ಆಟದ ಕಾರುಗಳ ಬಣ್ಣ ಕಿತ್ತು ಹೊಸ ಬಣ್ಣ ಹಚ್ಚುವುದೇ ಅವರ ಕೆಲಸವಾಗಿತ್ತು. ಎದೆಯ ಮೇಲಿನ ತುಳಸಿ ಮಾಲೆಯ ಕೆಳಗೆ ಸೇರಿದ್ದ ಬೆರಳುಗಳಲ್ಲಿ, ಉಗುರಿನ ಸಂದಿಯ ಹಳದಿ ಬಣ್ಣ ಸ್ನಾನ ಮಾಡಿಸಿದರೂ ಹೋಗಿರಲಿಲ್ಲ.

"ಆ ಕಾರುಗಳಿಗೆ ಹೊಡೆದ ಬಣ್ಣದಲ್ಲಿ ಅರ್ಧ ಕಾಂಪೌಂಡಿಗೆ ಹೊಡ್ದಿದ್ರೂ ಗೋಡೆ ಉಳೀತಿತ್ತು ಕಣ್ರೀ," ಎಂದರು ಪಕ್ಕದ ಮನೆಯವರು. ಒಬ್ಬಿಬ್ಬರು ತಲೆ ತಗ್ಗಿಸಿ ನಕ್ಕರು.

ಮಹದೇವಸ್ವಾಮಿ ಚಪ್ಪಲಿ ಕಳಚಿ ಒಳಗೆ ಬಂದ. ಹಿನಕಲ್ಲಿನ ತನ್ನ ಗ್ಯಾರೇಜಿನಲ್ಲಿ ನಿಜವಾದ ಕಾರುಗಳಿಗೆ ಬಣ್ಣ ಹೊಡೆಯುವವನು; ಗೋವಿಂದರಾಜುವಿಗೆ ಸ್ಪ್ರೇ ಹಿಡಿಯಲು ಕಲಿಸಿದವನು.

"ಅಮ್ಮಾ, ಕಾರ್ಡುಗೀರ್ಡೆಲ್ಲ ನಮ್ಮ ಸಾರ್ ಬೀರು ಮೇಲಿನ ಬಿಸ್ಕತ್ ಡಬ್ಬದಲ್ಲಿ ಇಡೋರು. ಆ ಮೊದಲನೇ ಗಾಡಿ ಜೊತೇಲೇ."

"ಯಾವ ಗಾಡಿ?"

"ಅದೇ ಅಮ್ಮಾ, ಕೆಟ್ಟೋಯ್ತಲ್ಲ. ನಿಮಗೆ ಗೊತ್ತಲ್ಲ."

ಪವಮಾನ ಸ್ಟೂಲು ಹತ್ತಿ ಡಬ್ಬ ಇಳಿಸಿದ. ಕಾರ್ಡ್ ಮೇಲೆಯೇ ಇತ್ತು. ಅದರ ಕೆಳಗೆ ಲ್ಯಾಬಿನ ಗಟ್ಟಿ ರಟ್ಟಿನ ನೋಟ್‌ಬುಕ್, ಹಳೆ ಪಂಚೆಯ ತುಂಡಿನಲ್ಲಿ ಸುತ್ತಿದ ಗೇಣುದ್ದಕ್ಕೂ ಕಡಿಮೆಯ ಒಂದು ಕಾರು. ಬಣ್ಣವೇ ಇರಲಿಲ್ಲ. ಬೂದು ಲೋಹದ ಮೈತುಂಬ ಸಿಡುಬಿನ ಕಲೆಗಳಂಥ ಗುಳಿಗಳು. ಮುಂದಿನ ಒಂದು ದೀಪ ಕರಗಿಹೋಗಿತ್ತು. ರಮಾಮಣಿ ತಿರುಗಿಸಿ ನೋಡಿದರು. ತಗಡಿನ ತಳದಲ್ಲಿ ಪಿನ್ನಿನಿಂದ ಗೀಚಿದ ಎರಡು ಅಕ್ಷರಗಳಿದ್ದವು: ರ, ಗಿ.

*

ಅಪ್ಪ ಅದನ್ನು ತಂದಾಗ ರಮಾಳಿಗೆ ಒಂಬತ್ತು, ಗಿರಿಜಾಗೆ ಆರು. ತಿಳಿನೀಲಿ ಬಣ್ಣದ ಕಾರು. ಪ್ರತಿ ನವರಾತ್ರಿ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಲ್ಲಿ, ರಾಗಿ ಪೈರಿನ ಪಾರ್ಕಿನ ಮುಂದೆ ಅದು ನಿಲ್ಲಬೇಕು. ಅಕ್ಕನ ಮದುವೆಯಾದ ಮೇಲೆ ಗೊಂಬೆಗಳ ಜೊತೆ ಅದೂ ಈ ಮನೆಗೆ ಬಂತು. ವಿಜಯದಶಮಿ ಕಳೆದ ಮೇಲೆ ಗೊಂಬೆಗಳನ್ನು ಬಟ್ಟೆಯಲ್ಲಿ ಸುತ್ತಿಡುವುದು ಗಿರಿಜಾಳ ಕೆಲಸ.

2018ರ ನವರಾತ್ರಿಯ ಹಿಂದಿನ ದಿನ ಪೆಟ್ಟಿಗೆ ತೆಗೆದರೆ ಕಾರು ಇರಲಿಲ್ಲ.

"ಕೊನೇಲಿ ಸುತ್ತಿಟ್ಟವಳು ನೀನೇ ತಾನೇ?" ಎಂದಿದ್ದರು ರಮಾಮಣಿ, ನೆಂಟರೆಲ್ಲರ ಎದುರು.

"ಕೇಳಿದ್ರೆ ಕೊಡ್ತಿರ್ಲಿಲ್ವಾ ನೀನು? ಕದೀಬೇಕಿತ್ತಾ ನಾನು?"

"ಕೇಳೋಕೆ ನಾಚಿಕೆ ಆಯ್ತೇನೋ."

ಗಿರಿಜಾ ಕೈಯಲ್ಲಿದ್ದ ಪಟ್ಟದ ಗೊಂಬೆಯನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟಳು. "ಅದು ಸಿಗೋ ತನಕ ನಿನ್ನ ಹೊಸಿಲು ದಾಟಲ್ಲ ಕಣೆ ಅಕ್ಕ," ಎಂದು ಹೊರಟುಹೋದಳು.

ಗೋವಿಂದರಾಜು ಅಲ್ಲೇ ಕೂತು ರಾಗಿ ಪೈರಿಗೆ ನೀರು ಚಿಮುಕಿಸುತ್ತಿದ್ದರು. ಅವಳು ಹೋದ ಮೇಲೆ, "ತೊಗೊಂಡಿದ್ರೂ ತೊಗೊಂಡಿರ್ಲಿ ಬಿಡು. ಅವಳಿಗೂ ಅಪ್ಪ ತಾನೇ," ಎಂದರು. ನನ್ನ ಗಂಡನದು ಎಂಥ ದೊಡ್ಡ ಮನಸ್ಸು ಎಂದುಕೊಂಡಿದ್ದರು ರಮಾಮಣಿ.

*

"ದಸರಾಗೆ ಹೊಸದು ಮಾಡಿ ಮನೇವ್ರಿಗೆ ತೋರಿಸ್ಬೇಕು ಅಂತ ಶುರು ಮಾಡಿದ್ರಂತೆ ಅಮ್ಮಾ," ಎನ್ನುತ್ತಿದ್ದ ಮಹದೇವಸ್ವಾಮಿ. "ನನ್ನತ್ರ ತಂದಾಗ ಅತ್ತುಬುಟ್ರು. ಎಂಗೆ ಸಾರ್ ಸರಿ ಮಾಡೋದು, ಲೋಹನೇ ತಿಂದಾಕ್ಬುಟ್ಟದೆ ಅಂದೆ. ಇನ್ಮೇಲೆ ಬೇರೆ ಹಳೇ ಗಾಡಿ ಮೇಲೆ ಕೈ ಪಳಗಿಸ್ಕೊಳಿ ಅಂದೆ. ಮನೇಲಿ ಗೊತ್ತು, ಬೈದು ಸುಮ್ಮನಾದ್ರು ಅಂದಿದ್ರು."

"ಬೈದೆ," ಎಂದರು ರಮಾಮಣಿ. "ಬೇರೆಯವರಿಗೆ."

ಮಹದೇವಸ್ವಾಮಿಗೆ ಅರ್ಥವಾಗಲಿಲ್ಲ. ಪವಮಾನನಿಗೆ ಆಯಿತು. ಅವನು ಗೋಡೆಯ ಕಡೆ ತಿರುಗಿ ನಿಂತ.

ರಮಾಮಣಿ ಕಾರ್ಡನ್ನು ಅವನ ಜೇಬಿಗೆ ತುರುಕಿ, ನೋಟ್‌ಬುಕ್ಕಿನ ಮೊದಲ ಪುಟವನ್ನು ಕೊನೆಯ ಸಾಲಿನ ತನಕ ಓದಿ, ಕಾರನ್ನೂ ನೋಟ್‌ಬುಕ್ಕನ್ನೂ ಹಿಡಿದು ಹೊರಗೆ ನಡೆದರು. ಚಟ್ಟ ಕಟ್ಟಿ ಮುಗಿದಿತ್ತು. ಬೆಂಕಿಯ ಮಡಕೆ ಹಿಡಿದಿದ್ದ ಮೈದುನ ವಾಗೀಶ ಅವರ ಕೈ ನೋಡಿದ. ಆರು ವರ್ಷದ ಹಿಂದೆ ಅವನೂ ಗೊಂಬೆ ಮುಂದೆ ಇದ್ದವನೇ.

"ಅತ್ತಿಗೆ, ಹೊತ್ತಾಯ್ತು. ಅದೇನಿದ್ರೂ ವೈಕುಂಠ ಸಮಾರಾಧನೆ ಮುಗೀಲಿ. ಅಣ್ಣ ಇನ್ನೂ ಇಲ್ಲೇ ಇದಾನೆ."

"ಇದಾರಲ್ಲ, ಅದಕ್ಕೇ."

ಅವರು ಗಂಡನ ತಲೆಯ ಬಳಿಯ ದೀಪವನ್ನು ಸುತ್ತುಹಾಕಿ ಗೇಟಿಗೆ ಹೋದರು. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಗಿರಿಜಾಂಬಾ ಏಳಲಿಲ್ಲ. ರಮಾಮಣಿ ಕಾರನ್ನು ತಳ ಮೇಲಾಗಿ ತಂಗಿಯ ಮಡಿಲಲ್ಲಿಟ್ಟರು. ಗಿರಿಜಾಂಬಾಳ ಹೆಬ್ಬೆರಳು ಎರಡು ಅಕ್ಷರಗಳ ಮೇಲೆ ಹೋಗಿ ನಿಂತಿತು.

"ಆವತ್ತು ಎಲ್ಲರ ಮುಂದೆ ಅಂದಿದ್ದೆ. ಇದೂ ಎಲ್ಲರ ಮುಂದೇ ಆಗ್ಲಿ," ಎಂದ ರಮಾಮಣಿ ನೋಟ್‌ಬುಕ್ಕನ್ನು ಪವಮಾನನಿಗೆ ಕೊಟ್ಟರು. "ಮೊದಲನೇ ಪುಟ. ನನಗೆ ಕಾಣಲ್ಲ, ನೀನು ಓದು."

ಕನ್ನಡಕ ಅವರ ಮೂಗಿನ ಮೇಲೇ ಇತ್ತು.

"ದಿನಾಂಕ: 22 ಸೆಪ್ಟೆಂಬರ್ 2018," ಎಂದು ಪವಮಾನ ಶುರು ಮಾಡಿದ. "ಉದ್ದೇಶ: ಗೊಂಬೆ ಪೆಟ್ಟಿಗೆಯ ಕಾರಿನ ಹಳೆ ಬಣ್ಣ ತೆಗೆಯುವುದು. ತಳ ಬಿಚ್ಚಿ ಬೇರೆ ಇಟ್ಟಿದೆ. ದ್ರಾವಣ: ಕಾಸ್ಟಿಕ್ ಸೋಡ. ಅವಧಿ: ಹನ್ನೊಂದು ಗಂಟೆ."

"ಜೋರಾಗಿ."

ವಾಗೀಶ ಮಡಕೆಯನ್ನು ಕೆಳಗಿಟ್ಟ.

"ತಪ್ಪು: ಸತುವು ಕ್ಷಾರದಲ್ಲಿ ಕರಗುತ್ತದೆ. ಮೂವತ್ತೆರಡು ವರ್ಷ ಹೇಳಿಕೊಟ್ಟದ್ದನ್ನೇ ಮರೆತೆ. ಮೊದಲಿನ ತೂಕ 78.4 ಗ್ರಾಂ. ಈಗಿನ ತೂಕ 74.9 ಗ್ರಾಂ."

ಪವಮಾನ ಪುಸ್ತಕ ಮುಚ್ಚಲು ಹೋದ.

"ಇನ್ನೊಂದು ಸಾಲಿದೆ," ಎಂದರು ರಮಾಮಣಿ.

ಅವನು ಓದಿದ. "ಕರಗಿಹೋದದ್ದು: 3.5 ಗ್ರಾಂ."