ಅಳಿಯನ ಹೆಸರಿಲ್ಲದ ಪುಸ್ತಕ

ಮಾರಿಟ್ ಎಂಬ ಬಿಳಿಯ ಹೆಂಗಸು ನಮ್ಮ ದ್ವೀಪಕ್ಕೆ ಬಂದದ್ದು ನಮ್ಮ ಮಾತನ್ನು ಬರೆದುಕೊಳ್ಳಲು. ತುಟಿಗಳನ್ನು ನಡುಗಿಸಿ ಹೊರಡಿಸುವ ನಮ್ಮ 'ಮ್‌ಬ್ರ್ರ್' ಅವಳಿಗೆ ಒಲಿಯಲು ಒಂದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಎದುರು ಕೂತ ನನಗೆ ಮುಖ ಒರೆಸಿಕೊಳ್ಳುವುದು ರೂಢಿಯಾಗಿತ್ತು. ನಮ್ಮ ಮಾತಿನಲ್ಲಿ 'ನನ್ನ' ಎನ್ನಲು ತಿನ್ನುವ ವಸ್ತುವಿಗೆ ಒಂದು ಪದ, ಕುಡಿಯುವ ವಸ್ತುವಿಗೆ ಇನ್ನೊಂದು, ಕೈಕಾಲಿಗೂ ತಾಯಿಗೂ ಮತ್ತೊಂದು ಎಂದು ಗೊತ್ತಾದಾಗ ಅವಳು ಹಬ್ಬದ ಹಂದಿ ಕಂಡವಳಂತೆ ಹಿಗ್ಗಿದಳು.

ನನಗೆ ಬೇಕಿದ್ದದ್ದು ಒಂದೇ. ಅವಳ ಪುಸ್ತಕ ಶಾಲೆಗೆ ಹೋಗಬೇಕು, ನನ್ನ ಮೊಮ್ಮಗಳು ಲೈಸಾವ್ ನಮ್ಮ ಮಾತಿನಲ್ಲೇ ಓದು ಕಲಿಯಬೇಕು. ನಾನು ತಲೆ ನರೆತ ಮೇಲೆ ಪರರ ಮಾತಿನಲ್ಲಿ ಕಲಿತವಳು. ಅಕ್ಷರ ಕೂಡುತ್ತಿತ್ತು, ಅರ್ಥ ಕೂಡುತ್ತಿರಲಿಲ್ಲ.

ಒಂದು ದಿನ ಮಾರಿಟ್ ಗೆಣಸೊಂದನ್ನು ಎತ್ತಿ ಹಿಡಿದಳು. "ಅಜ್ಜೀ, ಇದಕ್ಕೇನಂತೀರಿ?"

ಗೆಣಸಿನ ಹೆಸರೇ ನನ್ನ ಅಳಿಯನ ಹೆಸರು. ಅತ್ತೆಯಾದವಳು ಅದನ್ನು ಬಾಯಿಗೆ ತರುವುದಿಲ್ಲ. ತರುವುದಿಲ್ಲ ಎಂದು ಹೇಳಿಕೊಳ್ಳುವುದೂ ಮರ್ಯಾದೆಯಲ್ಲ.

"ನೆಲದಲ್ಲಿ ಅಡಗಿದ್ದು," ಎಂದೆ.

ಮಾರಿಟ್ ಎಚ್ಚರದ ಹೆಂಗಸು, ಒಬ್ಬರ ಮಾತನ್ನೇ ನಂಬುವವಳಲ್ಲ. ನನ್ನ ತಂಗಿ ಲೈಮೇಯನ್ನು ಕೇಳಿದಳು, ಚಿಕ್ಕಮ್ಮನ ಮಗಳನ್ನೂ ಕೇಳಿದಳು. ನಮ್ಮಲ್ಲಿ ಅಕ್ಕನ ಅಳಿಯ ತಂಗಿಯರಿಗೂ ಅಳಿಯನೇ. ಮೂವರದೂ ಒಂದೇ ಉತ್ತರ. "ಖಚಿತವಾಯ್ತು!" ಎಂದು ಅವಳು ಅಡಿಗೆರೆ ಎಳೆದಳು.

ಮರುವರ್ಷ ದೋಣಿಯಲ್ಲಿ ಪುಸ್ತಕ ಬಂತು. ಅದು ಶಾಲೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವನು ಊರ ಮುಖ್ಯಸ್ಥ, ಅಂದರೆ ನನ್ನ ಅಳಿಯನೇ. ಗಂಡಸರು ಸಭಾಮನೆಯಲ್ಲಿ ಕೂತರು, ನಾವು ಹೊರಗೆ ದೀವಿಹಲಸಿನ ನೆರಳಲ್ಲಿ. ಮೊದಲ ಪುಟದಲ್ಲೇ ಗೆಣಸಿನ ಚಿತ್ರ. ಮುದುಕ ವೊಕಾರ್ ಅದರ ಕೆಳಗಿನ ಸಾಲನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಾವೂರ ಮಾತಯ್ಯಾ ಇದು? ಅಡಗಿರೋದು ಗೆಣಸೋ, ಏಡಿಯೋ? ಒಲೆಗಾಕಿ ಇದನ್ನ!"

ಹೊರಗೆ ನಮ್ಮ ಜೊತೆಗೇ ಕೂತಿದ್ದ ಮಾರಿಟ್ ನನ್ನ ಕಡೆ ತಿರುಗಿದಳು. "ಅಜ್ಜೀ, ತಪ್ಪು ಹೇಳ್ಕೊಟ್ರಾ?"

ಅಳಿಯ ಹೊಸ್ತಿಲಿಗೆ ಬಂದಿದ್ದ. ನಾನು ಪದ್ಧತಿಯಂತೆ ಬೆನ್ನು ತಿರುಗಿಸಿದೆ. ಲೈಮೇ ನನ್ನ ತೊಡೆ ಚಿವುಟಿದಳು.

"ಆ ಹೆಸರೇನಾದ್ರೂ ಬಾಯಿಬಿಟ್ಯೋ, ನಿನ್ನ ಮಗಳು ಗಂಟುಮೂಟೆ ಸಮೇತ ತವರಿಗೆ ಬರ್ತಾಳೆ."

"ಬಿಡದಿದ್ರೆ ಪುಸ್ತಕ ಒಲೆಗೆ ಹೋಗುತ್ತಲ್ಲೇ!"

ಎದ್ದು ನಿಂತು, ಎದುರಿಗಿದ್ದ ಮರಕ್ಕೆ ಹೇಳಿದೆ: "ಆ ಮಾತು ನಂದು. ಆ ಹುಡುಗೀದು ಏನೂ ತಪ್ಪಿಲ್ಲ. ನನ್ನ ಬಾಯಿಗೆ ಬರೋದು ಅಷ್ಟೇ."

ಒಳಗೆ ಪುಟ ತಿರುವುವ ಸದ್ದು ಬಹಳ ಹೊತ್ತು ಕೇಳಿಸಿತು. ಅಷ್ಟೂ ಹೊತ್ತು ನಾನು ಮರದ ತೊಗಟೆಯನ್ನೇ ನೋಡುತ್ತಿದ್ದೆ. ಕೊನೆಗೆ ಅಳಿಯನ ದನಿ ಬಂತು.

"ಅರವತ್ತು ಪುಟ. ಎಲ್ಲೂ ನನ್ನ ಹೆಸರಿಲ್ಲ. ಅಚ್ಚಿನಲ್ಲೂ ನಮ್ಮತ್ತೆ ಮರ್ಯಾದೆ ಬಿಟ್ಟಿಲ್ಲ. ವೊಕಾರಣ್ಣ, ನಿಮ್ಮತ್ತೆ ಹಿಂಗಿದ್ಲಾ?"

"ನಮ್ಮತ್ತೆ ಬಯ್ಯೋಕಾದ್ರೂ ನನ್ನ ಹೆಸರು ಹಿಡೀತಿದ್ಲು, ಬಿಡು."

"ಹಂಗಾದ್ರೆ ಒಂದಕ್ಷರಾನೂ ತಿದ್ದಬೇಡಿ. ನಾಳೆಯಿಂದ ಶಾಲೇಲಿ ಇದೇ ಪುಸ್ತಕ."

"ಆದರೆ ಇದು ತಪ್ಪಲ್ವಾ!" ಎಂದು ಮಾರಿಟ್ ಕೂಗಿದಳು. ಯಾರೂ ಕಿವಿಗೊಡಲಿಲ್ಲ, ಅಷ್ಟರಲ್ಲಿ ಎಲೆಯಲ್ಲಿ ಸುತ್ತಿ ಬೇಯಿಸಿದ ಲಪ್‌ಲಪ್ ಕಡುಬನ್ನು ಬಿಸಿಕಲ್ಲಿನ ಮೇಲಿಂದ ಇಳಿಸಿದ್ದರು.

ನನ್ನಾಸೆ ಪೂರೈಸಿತು. ಲೈಸಾವ್ ಸೊಗಸಾಗಿ ಓದುತ್ತಾಳೆ. ತೋಟದಲ್ಲೂ ಊಟದಲ್ಲೂ ಮಕ್ಕಳೆಲ್ಲ ಗೆಣಸನ್ನು 'ನೆಲದಲ್ಲಿ ಅಡಗಿದ್ದು' ಎಂದೇ ಕೇಳುತ್ತವೆ. ಹೀಗೆ ಹಾಲುಹಲ್ಲಿನ ಮಕ್ಕಳೂ ನನ್ನ ಅಳಿಯನಿಗೆ ಅತ್ತೆಯರಾಗಿದ್ದಾರೆ, ಅವನ ಸ್ವಂತ ಮಗಳೂ ಸೇರಿ. ತನ್ನ ಹೆಸರೇ ಕಿವಿಗೆ ಬೀಳುತ್ತಿಲ್ಲ ಎಂದು ಅವನು ಹೆಂಡತಿಯ ಹತ್ತಿರ ಗೊಣಗುತ್ತಾನಂತೆ. ನನ್ನ ಹತ್ತಿರವೇ ದೂರು ಹೇಳೋಣವೆಂದರೆ, ಅಳಿಯ ಅತ್ತೆಯನ್ನು ನೇರವಾಗಿ ಮಾತಾಡಿಸುವಂತಿಲ್ಲ.