ಬಾರದ ಮೆಸೇಜು

"ಒಂಟಿ ಸಲಗ ಕಣವ್ವ. ಹೊಳೆ ದಾಟಿ ಕೆಳಗಿನ ಲೈನ್ ಮನೆಗಳ ಕಡೀಕೆ ಇಳೀತೈತೆ. ಬೇಗ ಮೆಸೇಜ್ ಹಾಕ್ಬುಡು," ಎಂದು ಲಕ್ಕಪ್ಪ ಪಿಸುಗುಟ್ಟಿ ಫೋನಿಟ್ಟ.

ಚೈತ್ರಶ್ರೀ ಕಂಪ್ಯೂಟರಿನತ್ತ ತಿರುಗಿದಳು. ಹಾನುಬಾಳಿನ ಕಾಫಿ ಬೆಳೆಗಾರರ ಸಂಘದ ಕೋಣೆಯಲ್ಲಿ ಅವಳ ಕೆಲಸ ಇಷ್ಟೇ: ಲಕ್ಕಪ್ಪನಂಥ ಆನೆ ಕಾವಲಿನವರು ಜಾಗ ಹೇಳಿದ ಕೂಡಲೇ ಸುತ್ತಲ ಎಸ್ಟೇಟಿನವರೆಲ್ಲರ ಮೊಬೈಲಿಗೆ ಒಟ್ಟಿಗೆ ಮೆಸೇಜ್ ಕಳಿಸುವುದು. ನಂಬರುಗಳಿದ್ದ ಫೈಲನ್ನು ಒತ್ತಿದಳು. ತೆರೆಯಲಿಲ್ಲ. ಅದರ ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳು ಅಂಟಿಕೊಂಡಿದ್ದವು. ನೋಡುತ್ತಿದ್ದಂತೆ ಪಕ್ಕದ ಫೈಲಿನ ಹೆಸರೂ ಬದಲಾಯಿತು, ಅದರ ಕೆಳಗಿನದೂ. ಆಮೇಲೆ ಪರದೆಯೆಲ್ಲ ಕೆಂಪಾಗಿ, ಫೈಲು ವಾಪಸ್ಸು ಬೇಕಿದ್ದರೆ ಹಣ ಕಟ್ಟಿ ಎಂಬ ಇಂಗ್ಲಿಷ್ ಸಾಲುಗಳು ಮೂಡಿದವು.

ಬೆಳಗಿನ ಈಮೇಲ್ ನೆನಪಾಯಿತು. 'ಆನೆ ಓಡಾಟದ ಹೊಸ ನಕ್ಷೆ' ಎಂದಿತ್ತು. ಅರಣ್ಯ ಇಲಾಖೆಯದೇ ಇರಬೇಕೆಂದು ಜೊತೆಗಿದ್ದ ಫೈಲನ್ನು ತೆರೆದಿದ್ದಳು. ನಕ್ಷೆಯೇನೂ ಬರಲಿಲ್ಲ. ನೆಟ್ ಸರಿಯಿಲ್ಲವೆಂದು ಸುಮ್ಮನಾಗಿದ್ದಳು. ಕಳಿಸಿದವರಿಗೆ ಫೋನ್ ಮಾಡಿ ಕೇಳದೆ ಇಂಥ ಫೈಲು ತೆರೆಯಬೇಡ, ನಂಬರುಗಳನ್ನು ಪೆನ್‌ಡ್ರೈವಿಗೂ ಹಾಕಿ ಅದನ್ನು ಕಿತ್ತು ಬೇರೆ ಇಡು ಎಂದು ಕಂಪ್ಯೂಟರ್ ರಿಪೇರಿಯ ರಯೀಸ್ ಹಿಂದೆಯೇ ಹೇಳಿ ಹೋಗಿದ್ದ. ಅವಳು ಕಿತ್ತಿಡದ ಪೆನ್‌ಡ್ರೈವ್ ಕಂಪ್ಯೂಟರಿನಲ್ಲೇ ಇತ್ತು. ಅದರೊಳಗಿನದೂ ಹೋಗಿತ್ತು.

ತೋಟದ ಕೆಲಸ ಬಿಡುವ ಹೊತ್ತು. ಮೆಸೇಜ್ ಬರದಿದ್ದರೆ ದಾರಿಯಲ್ಲಿ ಆನೆ ಇಲ್ಲ ಎಂದೇ ಎಲ್ಲರೂ ನಡೆಯುತ್ತಿದ್ದರು. ಅವಳ ಅವ್ವ ಮಾದಮ್ಮನೂ ಅದೇ ದಾರಿಯವಳು.

ಅವ್ವನಿಗೆ ಫೋನ್ ಮಾಡಿದಳು. ಎಷ್ಟೋ ಹೊತ್ತು ರಿಂಗಾಯಿತು.

"ಎಲ್ಲಿದ್ದೀಯವ್ವ?"

"ಕಾಫಿ ಸ್ಟೋರ್ ದಾಟಿದ್ವಿ. ಮೆಸೇಜ್ ಬರ್ನಿಲ್ವಲ್ಲ, ಅದ್ಕೇ ಹೊಂಟ್ವಿ."

"ಹಿಂದಕ್ಕೋಗು. ಸಲಗ ಐತೆ ಕೆಳಗೆ. ಎಲ್ರನ್ನೂ ಕರ್ಕಂಡು ಸ್ಟೋರ್ ಒಳೀಕೆ ಹೋಗವ್ವ."

ಅವ್ವ ಜೊತೆಯವರನ್ನು ತಡೆದು ನಿಲ್ಲಿಸಿದ್ದು ಕೇಳಿಸಿತು. "ವಿಶಾಲಮ್ಮ ಮುಂದಕ್ಕೋದ್ಲು ಕಣೆ. ಮಗೀಗೆ ಜ್ವರ ಅಂತ ಬಿರಬಿರನೆ ಹೋದ್ಲು. ಕೂಗ್ಲಾ?"

"ಬ್ಯಾಡ, ಕೂಗ್ಬ್ಯಾಡ, ಸಲಗ ಇತ್ತ ತಿರುಗ್ತದೆ. ಅವಳ ನಂಬರ್ ಹೇಳು."

"ನಂಗೆಲ್ಲಿ ಬತ್ತದೆ ನಂಬರು?"

ವಿಶಾಲಮ್ಮನ ನಂಬರು ಆ ಕೆಂಪು ಪರದೆಯ ಹಿಂದೆ ಎಲ್ಲೋ ಇತ್ತು. ಚೈತ್ರಶ್ರೀ ಕೋಣೆ ಬಿಟ್ಟು ಜೀಪ್ ಸ್ಟ್ಯಾಂಡಿಗೆ ಓಡಿದಳು. ಜೀಪ್ ಓಡಿಸುವ ಹಮೀದ್ ಅದರ ಹುಡ್ ಕಟ್ಟುತ್ತಿದ್ದ. ಅವಳ ಮಾತು ಪೂರ್ತಿಯಾಗುವ ಮೊದಲೇ ಸ್ಟಾರ್ಟ್ ಮಾಡಿದ.

"ನಾನೂ ಬತ್ತೀನಿ ಹಮೀದಣ್ಣ."

"ಬ್ಯಾಡ. ನೀನು ಹೋಗಿ ಫೋನ್ ಹತ್ರ ಕೂತ್ಕೊ."

ಅವಳು ವಾಪಸ್ಸು ಬಂದು ಕೂತಳು. ಮೊಬೈಲಿನಲ್ಲಿದ್ದ ಹತ್ತಾರು ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡಿದಳು. ಕೆಲವರು ಎತ್ತಿದರು, ಕೆಲವರು ಎತ್ತಲಿಲ್ಲ. ಎತ್ತದವರು ಯಾಕೆ ಎತ್ತಲಿಲ್ಲವೆಂದು ಯೋಚಿಸಲು ಧೈರ್ಯ ಬರಲಿಲ್ಲ. 

ಕತ್ತಲಾಗುವ ಹೊತ್ತಿಗೆ ಹಮೀದ್ ಫೋನ್ ಮಾಡಿದ. "ಸಿಕ್ಕಿದ್ಲು. ಮೋರಿಯೊಳಗೆ ನುಗ್ಬುಟ್ಟಿದ್ಲು. ಸಲಗ ಮೋರಿ ಮೇಲೇ ನಿಂತಿತ್ತಂತೆ, ಆಮೇಲೆ ಹೋಯ್ತಂತೆ. ಮೈಕೈ ತರಚೈತೆ, ಬೇರೆ ಏನಿಲ್ಲ. ಅಷ್ಟು ಹೇಳಿದ್ದೇ, ಆಮೇಲೆ ಮಾತಾಡ್ತಿಲ್ಲ."

ಚೈತ್ರಶ್ರೀ ಮೇಜಿಗೆ ಹಣೆ ಹಚ್ಚಿ ಅತ್ತಳು.

ಮಾರನೆಯ ದಿನ ಸಂಘದ ಕಾರ್ಯದರ್ಶಿ ಮಂಜುನಾಥರ ಮುಂದೆ ನಿಂತು, "ಆ ಫೈಲ್ ತೆಗೆದವಳು ನಾನೇ ಸಾರ್," ಎಂದಳು. ಅವರು ಬಯ್ಯಲಿಲ್ಲ. ಆ ಮೇಲ್ ನನಗೂ ಬಂದಿತ್ತು, ಕನ್ನಡಕ ಕೈಗೆ ಸಿಗದ್ದರಿಂದ ತೆರೆಯಲಿಲ್ಲ ಅಷ್ಟೇ ಎಂದರು. ರಯೀಸ್ ಕಂಪ್ಯೂಟರ್ ಬಿಚ್ಚಿಕೊಂಡು ಒಯ್ದ. ಜನ ಬಂದು ನಂಬರುಗಳನ್ನು ಮತ್ತೆ ಹೇಳತೊಡಗಿದರು.

ವಾರ ಕಳೆದ ಮೇಲೆ ವಿಶಾಲಮ್ಮ ಬಂದಳು. ನಂಬರು ಹೇಳಿದ ಮೇಲೂ ಹೋಗಲಿಲ್ಲ. ಕಾಲೆರಡನ್ನೂ ಬೆಂಚಿನ ಮೇಲೆಳೆದುಕೊಂಡು ಬಾಗಿಲಿನತ್ತ ನೋಡುತ್ತ ಕೂತಳು. ಚೈತ್ರಶ್ರೀ ಟೀ ತರಿಸಿದಳು. 

ಎದುರಿನ ಅಂಗಡಿಯವನು ದಡಾರನೆ ಷಟರ್ ಎಳೆದ. ಇಬ್ಬರೂ ಒಟ್ಟಿಗೆ ಬೆಚ್ಚಿ ಎದ್ದು ನಿಂತರು.