ಅವಳಿಗಳ ಪಾಲಿನ ಹಾಲು

ಹೆಮ್ಮರಗಾಲದ ಶಿವಸ್ವಾಮಿ ಶಿವಪೂಜೆ ತಪ್ಪಿಸಿದವನಲ್ಲ. ಬೆಳಗಾದರೆ ಮಿಂದು, ವಿಭೂತಿ ಬಳಿದು, ಅಂಗೈಯ ಲಿಂಗಕ್ಕೆ ಪತ್ರೆ ಏರಿಸದೆ ಹನಿ ನೀರು ಕುಡಿಯುತ್ತಿರಲಿಲ್ಲ. ಅಂಥ ಭಕ್ತನ ಮನೆಯಲ್ಲಿ ತೊಂಬತ್ತಾರನೆಯ ಇಸವಿಯ ದೀಪಾವಳಿ ಕಳೆದ ಮೇಲೆ ಅವಳಿ ಹುಟ್ಟಿದವು, ಒಂದು ಗಂಡು, ಒಂದು ಹೆಣ್ಣು. ಮಠದ ಅಯ್ಯನವರು ಬಂದು ಎರಡಕ್ಕೂ ಲಿಂಗ ಕಟ್ಟಿದರು. ಶಿವನಿಗೆ ಭೇದವಿರಲಿಲ್ಲ. ಭೇದ ಮಾಡುವುದಕ್ಕೆ ಶಿವಸ್ವಾಮಿಯೂ ಅವನ ತಾಯಿ ಪುಟ್ಟಬಸಮ್ಮನೂ ಇದ್ದರು.

ಗಂಡು ನೀಲಿಗಟ್ಟಿ ಹುಟ್ಟಿತ್ತು. ಹೆಣ್ಣು ಬೀದಿಗೆ ಕೇಳುವಂತೆ ಅತ್ತಿತ್ತು. "ಎಣ್ಣು ಗಟ್ಟಿ ಜೀವ ಕಣಪ್ಪ" ಎಂದು ಪುಟ್ಟಬಸಮ್ಮ ಅಂದೇ ತೀರ್ಪು ಕೊಟ್ಟಳು. ಗಟ್ಟಿಯಾಗಿ ಹುಟ್ಟಿದ ತಪ್ಪಿಗೆ ಅದಕ್ಕೆ ದಂಡ ಬಿತ್ತು. ಗಂಡು ಕುಡಿದು ಮಿಕ್ಕಿದರೆ ಎದೆಹಾಲು, ಇಲ್ಲದಿದ್ದರೆ ನೀರು ಬೆರೆಸಿದ ರಾಗಿ ಸರಿ.

ಬೇಸಿಗೆಯಲ್ಲಿ ಎರಡಕ್ಕೂ ವಾಂತಿಭೇದಿ ಹತ್ತಿತು. ಮಗನನ್ನು ಡಾಕ್ಟರಿಗೆ ತೋರಿಸಲು ಶಿವಸ್ವಾಮಿ ನಂಜನಗೂಡಿಗೆ ಹೊರಟು ನಿಂತ. ಹೆಂಡತಿ ರುದ್ರಮ್ಮ ಎರಡು ಕೂಸನ್ನೂ ಎತ್ತಿಕೊಂಡು ಹೊಸಿಲಿಗೆ ಬಂದಳು.

"ಅದ್ಯಾಕಮ್ಮಿ ಅದನ್ನ? ತೊಟ್ಲಲ್ಲಾಕು. ಅವ್ವ ವಿಭೂತಿ ಅಚ್ತಳೆ."

"ಇವನಿಗೂ ಅದ್ನೇ ಅಚ್ಲಿ ಬುಡಿ. ಡಾಕ್ಟ್ರು ಯಾಕೆ?"

"ನಿನ್ ಬಾಯ್ಗೆ ಮಣ್ಣಾಕ!" ಪುಟ್ಟಬಸಮ್ಮ ಒಳಗಿಂದಲೇ ಕೂಗಿದಳು. "ಗಂಡ್ಗೂಸು ಕಣೇ ಅದು! ಏನಾರ ಆಗೋದ್ರೆ?"

ವಿಭೂತಿಯ ಮೇಲೆ ಆ ಮನೆಯ ನಂಬಿಕೆ ಅಷ್ಟು ಆಳದ್ದು.

ಬಸ್ಸು ಹಾರನ್ ಹೊಡೆಯಿತು. ರುದ್ರಮ್ಮ ಗಂಡುಕೂಸನ್ನು ಗಂಡನ ಕೈಗೆ ತುರುಕಿದಳು. "ನೀವೇ ಓಗಿ ಬನ್ನಿ. ನಾನು ಇವಳ ಜೊತೆಗೇ ಇರ್ತೀನಿ."

"ಆಲು ಯಾರು ಕೊಡಾರು ಇವನ್ಗೆ?"

"ನೀವೇ ಕೊಡಿ."

ಮನೆ ಎದುರಿನ ಅರಳಿಕಟ್ಟೆಯ ಮೇಲಿದ್ದವರು ಗೊಳ್ಳೆಂದರು. ಶಿವಸ್ವಾಮಿ ಮುಖ ಗಂಟಿಕ್ಕಿಕೊಂಡು, "ಬಸ್ಸತ್ತು, ಅದ್ನೂ ತಕ್ಕೊಂಡು ಅತ್ತು" ಎಂದ. ಮಗಳು ಬಸ್ಸು ಹತ್ತಿದ್ದು ಮಗನ ಹಾಲಿನ ದೆಸೆಯಿಂದ.

ನಂಜನಗೂಡಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಹೆಣ್ಣಿನ ಹೊಟ್ಟೆಯ ಚರ್ಮ ಎತ್ತಿ ಬಿಟ್ಟರು. ಅದು ಹಾಗೇ ಮಡಿಕೆಗಟ್ಟಿ ನಿಂತಿತು. ಡ್ರಿಪ್ಪಿಗೆ ಸೂಜಿ ತೆಗೆದರು.

"ಸ್ವಲ್ಪ ಗಂಡ್ಮಗೂನ ಮೊದ್ಲು ನೋಡಿ ಮೇಡಂ. ಒಂದೇ ಸಮ ಅಳ್ತಾವ್ನೆ."

"ಅಳೋ ಶಕ್ತಿ ಇದೆಯಲ್ರೀ ಅವನಿಗೆ. ಓಆರ್‌ಎಸ್ ಕುಡಿಸಿ, ಸಾಕು. ಇವಳಿಗೆ ಕಣ್ಣಲ್ಲಿ ನೀರೂ ಇಲ್ಲ. ಮುಂದಿನ ಬಸ್ಸಿಗೆ ಬಂದಿದ್ರೆ ಮುಗೀತಿತ್ತು."

ಶಿವಸ್ವಾಮಿ ಮಗನ ಬಾಯಿಗೆ ಓಆರ್‌ಎಸ್ ಚಮಚ ಹಿಡಿದ. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗಿಳಿದಿತ್ತು.

ಸಂಜೆಗೆ ಹೆಣ್ಣು ಕಣ್ಣು ಬಿಟ್ಟು ತುಟಿ ಚೀಪಿತು. ರುದ್ರಮ್ಮ ಎದೆಗೆ ಹಾಕಿಕೊಂಡಳು. ಗಂಡು ಕಿರುಚತೊಡಗಿತು.

"ಮೊದ್ಲು ಇವನ್ಗೆ ಕೊಡಮ್ಮಿ, ಗಂಟ್ಲು ಕಟ್ತದೆ."

"ಇವಳ್ದಾಗ್ಲಿ, ತಡೀರಿ."

ಬೆಂಚಿನ ತುಂಬ ಜನ ನೋಡುತ್ತಿದ್ದರು. ಶಿವಸ್ವಾಮಿ ಮಗನನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ಓಡಾಡಿದ. ತುಟಿಯಲ್ಲಿ ಶಿವನಾಮ ನಡೆದೇ ಇತ್ತು. ಮಗಳು ಉಳಿದಳೆಂದಲ್ಲ, ಬೇಗ ಕುಡಿದು ಮುಗಿಸಲಿ ಎಂದು.